ಕುಸುಬಿ ಎಣ್ಣೆ ಕುಡಿದ ಟೈರುಗಳು

ಹೋದ ತಿಂಗಳು ಕೊಲ್ಲಾಪುರದಿಂದ ಒಬ್ಬ ತರುಣ ತನ್ನ ಅಜ್ಜನ ಕಾಲದ ಕಾರನ್ನು ತಾನೇ ಓಡಿಸಿಕೊಂಡು ಜತ್ತದ ನಮ್ಮ ಮನೆಗೆ ಬಂದ. ಹಳೆಯ ಗಾಡಿಗಳ ಬಗ್ಗೆ ಗೊತ್ತಿರುವ ಮುದುಕ ಒಬ್ಬನಿದ್ದಾನೆ ಎಂದು ಯಾರೋ ನನ್ನ ಹೆಸರು ಹೇಳಿ ಕಳಿಸಿದ್ದರಂತೆ. ಕಾರು ನೋಡಿ ನನಗೂ ಖುಷಿಯಾಯಿತು. ಬಣ್ಣ ಹೊಸದು, ಹಿತ್ತಾಳೆ ಫಳಫಳ, ಸೀಟಿಗೆ ಹೊಸ ತೊಗಲು. ಅವನು ಎದೆ ಉಬ್ಬಿಸಿ ಹೇಳಿದ:

"ಅಜ್ಜಾರ, ಟೈರ್ ಸುದ್ದಾ ಆವಾಗಿನೂವ ಅದಾವ್ರಿ. ಶೆಡ್ಡಿನ್ಯಾಗ ಇದ್ವು. ಗ್ರಿಪ್ ನೋಡ್ರಿ, ಒಂದೀಟೂ ಸವದಿಲ್ಲ."

ಬಗ್ಗಿ ನೋಡಿದೆ. ಟೈರುಗಳು ಮಿರಮಿರ ಮಿಂಚುತ್ತಿದ್ದವು. ಬೆರಳು ಒತ್ತಿ ಮೂಗಿಗೆ ಹಿಡಿದೆ.

"ಏನ್ ಹಚ್ಚೀಯೋ ಇದಕ್ಕ?"

"ಎಣ್ಣಿ ಹಚ್ಚೇನ್ರಿ. ಫೋಟೋದಾಗ ಚಲೋ ಕಾಣ್ತಾವ."

"ಇದರ ಮ್ಯಾಲ ಕೊಲ್ಲಾಪುರದಿಂದ ಬಂದಿ? ಹೆಂಡತಿ ಮಕ್ಕಳನ್ನೂ ಕೂಡಿಸ್ಕೊಂಡು?"

"ಹೌದ್ರಿ. ಏನಾತ್ರಿ?"

ನನಗೆ ಕೂಡ್ರಲಿಕ್ಕೂ ಆಗಲಿಲ್ಲ, ನಿಲ್ಲಲಿಕ್ಕೂ ಆಗಲಿಲ್ಲ. ನನ್ನ ವಯಸ್ಸಿಗೆ ಒಪ್ಪದಷ್ಟು ದೊಡ್ಡ ದನಿಯಲ್ಲಿ ಅವನಿಗೆ ಬೈದೆ. ಹುಡುಗ ಪಾಪ ನಕ್ಕ. ನಗದೇ ಏನು ಮಾಡಿಯಾನು? ಅವನ ಕಣ್ಣಿಗೆ ಕಾಣುವುದು ಹೊಸ ಟೈರು. ನನ್ನ ಕಣ್ಣಿಗೆ ಕಾಣುವುದು ಬಿಳೂರ ರಸ್ತೆ. ಅವನಿಗೂ, ಅವನಂತೆ ಹಳೆಯ ಗಾಡಿಗಳ ಹುಚ್ಚು ಹಿಡಿದು ಈ ಕಸುಬಿಗೆ ಬರುವ ಎಲ್ಲ ತರುಣರಿಗೂ ಇದನ್ನು ಬರೆಯುತ್ತಿದ್ದೇನೆ. ಕೊನೆಗೆ ನಾನು ಯಾವ ಡಿಪೋದಲ್ಲಿ ಏನಾಗಿ ನಿವೃತ್ತನಾದೆ ಎಂಬುದನ್ನು ತಗೊಂಡು ನಿಮಗೇನು ಆಗಬೇಕು, ಅದು ಬೇಡ.

ನನ್ನ ಹೆಸರು ಇಮಾಮ. ಊರು ಬಿಳೂರ. ನಮ್ಮಪ್ಪ ರಾಜೇಸಾಬ, ಬಿಳೂರಿನ ಗುರುಪಾದಪ್ಪ ಸಾವಕಾರರ ತೋಟದಲ್ಲಿ ಮೋಟ ಹೊಡೆಯುತ್ತಿದ್ದ. ಮೋಟ ಅಂದರೆ ಬಾವಿಯಿಂದ ನೀರೆತ್ತುವ ದೊಡ್ಡ ತೊಗಲಿನ ಚೀಲ. ಎತ್ತುಗಳು ಇಳಿಜಾರಿನಲ್ಲಿ ಇಳಿದಾಗ ಅದು ಮೇಲೆ ಬಂದು ಕಾಲುವೆಗೆ ನೀರು ಸುರಿಯುತ್ತದೆ. ತೊಗಲು ಒಣಗಿತೋ ಸೀಳಿತು, ಸೀಳಿತೋ ತೋಟ ಒಣಗಿತು. ಅದಕ್ಕೆ ಅಪ್ಪ ಅಮಾಸಿಗೊಮ್ಮೆ ಮೋಟವನ್ನು ನೆರಳಲ್ಲಿ ಹರವಿ, ಬೋಗುಣಿಯಲ್ಲಿ ಕುಸುಬಿ ಎಣ್ಣೆ ಇಟ್ಟುಕೊಂಡು, ಕೂಸಿಗೆ ಎಣ್ಣೆ ತಿಕ್ಕಿದ ಹಾಗೆ ತಿಕ್ಕುತ್ತಿದ್ದ. ಸುತ್ತಿನಲ್ಲಿ ಎಲ್ಲರ ಮೋಟಗಳೂ ಹರಿದರೂ ಅಪ್ಪನದು ಹರಿಯುತ್ತಿರಲಿಲ್ಲ. ಊರವರು ಅದಕ್ಕೆ ಅವನನ್ನು ಹೊಗಳುತ್ತಿದ್ದರು, ಅವನಿಗೂ ಆ ಮಾತು ಕೇಳಿದರೆ ಹಿಗ್ಗು.

ನನಗೆ ಎತ್ತಿಗಿಂತ ಎಂಜಿನ್ನಿನ ಮೇಲೆ ಮನಸ್ಸು. ಜತ್ತಕ್ಕೆ ಹೋಗಿ ಧೋಂಡಿಬಾ ಮೇಸ್ತ್ರಿಯ ಕೈಕೆಳಗೆ ನಿಂತೆ. ಬೇವಿನ ಗಿಡದ ಕೆಳಗೆ ಎರಡು ತಗಡಿನ ನೆರಳು, ಅದೇ ಗ್ಯಾರೇಜು. ಮೇಸ್ತ್ರಿ ಮರಾಠಿಯಲ್ಲಿ ಬೈದು ಕನ್ನಡದಲ್ಲಿ ಕಲಿಸುವ ಮನುಷ್ಯ. ನಟ್ಟು ತಿರುಗಿಸುವ ಪಾನಾವನ್ನು ನಮ್ಮ ಮೇಲೆ ಎಸೆಯದ ದಿನ ನಮಗೆ ಹಬ್ಬ. ಟೈರು ಬಂದರೆ ಅವನು ಗ್ರಿಪ್ಪು ನೋಡುತ್ತಲೇ ಇರಲಿಲ್ಲ. ಪಕ್ಕದ ಗೋಡೆಯನ್ನು ಬಗ್ಗಿಸಿ, ಅಲ್ಲಿ ಕೂದಲಿನಂಥ ಬಿರುಕು ತೆರೆಯುತ್ತದೆಯೇ ಎಂದು ನೋಡುತ್ತಿದ್ದ. ಆಮೇಲೆ ಮರದ ಸುತ್ತಿಗೆಯಿಂದ ಬಡಿದು ಕಿವಿಗೊಡುತ್ತಿದ್ದ.

"ಮ್ಯಾಲಿಂದ ರಬ್ಬರ್, ಒಳಗ ಹತ್ತಿ ನೂಲು. ನೂಲು ಸತ್ತರ ರಬ್ಬರ್ ಏನ್ ಮಾಡತೈತಿ? ಲಡಾಯಿದಾಗ ನೋಡೇನಿ ನಾ," ಎನ್ನುತ್ತಿದ್ದ.

ಲಡಾಯಿಯ, ಅಂದರೆ ಎರಡನೇ ಮಹಾಯುದ್ಧದ ಕಾಲದಲ್ಲಿ ಟೈರು ಸಿಗದೆ ಜನ ಮಾಡಿದ್ದು ಒಂದೆರಡಲ್ಲ. ಒಡೆದ ಟೈರಿಗೆ ಒಳಗಿನಿಂದ ಇನ್ನೊಂದು ಟೈರಿನ ತುಂಡು ಇಟ್ಟು ದಬ್ಬಣದಿಂದ ಹೊಲಿಯುತ್ತಿದ್ದರು. ಟ್ಯೂಬು ಇಲ್ಲದಿದ್ದರೆ ಒಣಹುಲ್ಲು ತುಂಬುತ್ತಿದ್ದರು! ಹುಲ್ಲು ತುಂಬಿದ ಚಕ್ರದ ಮೇಲೆ ಜನರನ್ನು ಹೇರಿಕೊಂಡು ಹೋದ ಮೋಟಾರೊಂದು ದಾರಿಯಲ್ಲಿ ಹೊಗೆಯಾಡಿ, ಎಲ್ಲರೂ ಧೋತರ ಎತ್ತಿಕೊಂಡು ಹಾರಿದ್ದನ್ನು ಮೇಸ್ತ್ರಿ ಕಣ್ಣಾರೆ ಕಂಡಿದ್ದ. ಅವನು ಹೇಳುವಾಗ ನಾವು ನಗುತ್ತಿದ್ದೆವು. ಅವನು ನಗುತ್ತಿರಲಿಲ್ಲ.

ಜತ್ತ ಸಂಸ್ಥಾನ ವಿಲೀನವಾದ ಮೇಲೆ ದೊಡ್ಡವರ ಮನೆಗಳಿಂದ ಎಷ್ಟೋ ಸಾಮಾನು ಹೊರಬಿದ್ದವು. ಹಾಗೆ ಹೊರಬಿದ್ದ ಒಂದು ದೊಡ್ಡ ತೆರೆದ ಮೋಟಾರನ್ನು ನಮ್ಮ ಗುರುಪಾದಪ್ಪನವರು ಕೊಂಡರು. ಲಡಾಯಿಯ ಕಾಲವೆಲ್ಲ ಪೆಟ್ರೋಲು ಸಿಗದೆ ಅದು ಒಂದು ಕೊಟ್ಟಿಗೆಯಲ್ಲಿ, ಗಾಳಿ ಇಳಿದ ಟೈರುಗಳ ಮೇಲೆ, ಹಸಿ ಮಣ್ಣಿನಲ್ಲಿ ಕೂತಿತ್ತು. ಓಡಿದ್ದೇ ಕಡಿಮೆ. ಹೀಗಾಗಿ ಗ್ರಿಪ್ಪು ನಿನ್ನೆ ಅಂಗಡಿಯಿಂದ ತಂದಂತೆ ಆಳವಾಗಿತ್ತು. ಎಂಜಿನ್ನು ಬಿಚ್ಚಿ ಕೂಡಿಸಿ ಅದಕ್ಕೆ ಜೀವ ಕೊಟ್ಟವನು ಮೇಸ್ತ್ರಿ. ಟೈರು ನೋಡಿ ಮುಖ ಸಿಂಡರಿಸಿ, "ಇವನ್ನ ಬದಲಸ್ರಿ ಸಾವಕಾರ್ರ," ಎಂದ. ಸಾವಕಾರರು ಬಗ್ಗಿ ಗ್ರಿಪ್ಪಿನಲ್ಲಿ ಬೆರಳು ಇಟ್ಟು ನೋಡಿ, "ಏ ಮೇಸ್ತ್ರಿ, ಹೊಸಾವ ಅದಾವಲ್ಲೋ, ಯಾಕ ಚೆಲ್ಲಸ್ತಿ?" ಎಂದರು. ಮಾತು ಅಲ್ಲಿಗೇ ನಿಂತಿತು. ಗಾಡಿಯ ಜತೆ ಡ್ರೈವರನಾಗಿ ನಾನೂ ಬಿಳೂರಿಗೆ ಮರಳಿದೆ.

ಸಾವಕಾರರು ಕೆಟ್ಟವರಲ್ಲ, ಅದನ್ನು ಮೊದಲೇ ಹೇಳುತ್ತೇನೆ. ಅವರಿಗೆ ಒಬ್ಬಳೇ ಮಗಳು, ಶಾಂತವ್ವ. ಅವಳನ್ನು ನಮ್ಮಪ್ಪ ಹೆಗಲ ಮೇಲೆ ಹೊತ್ತು ತೋಟ ತಿರುಗಿಸಿ ಬೆಳೆಸಿದ್ದ. ಅಸಂಗಿಗೆ ಕೊಟ್ಟಿದ್ದರು. ಮದುವೆಯಾಗಿ ಹೋಗುವಾಗ ಅವಳು ತಂದೆಗಿಂತ ಹೆಚ್ಚು ಹೊತ್ತು ಅಪ್ಪನ ಕೈ ಹಿಡಿದು ಅತ್ತಿದ್ದಳು.

ಖಂಡೇನವಮಿ ಬಂತು. ಗಾಡಿ ತೊಳೆದು, ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡಬೇಕು. ನಾನು ನೀರು ತರಲು ಹೋಗಿ ಬರುವಷ್ಟರಲ್ಲಿ ಅಪ್ಪ ಬೋಗುಣಿ ಹಿಡಿದು ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ.

"ಯಪ್ಪಾ, ಏನ್ ಮಾಡಾಕತ್ತಿ?"

"ಬಾಜೂಕ ಸಣ್ಣ ಸಣ್ಣ ಬಿರಕ ಬಿಟ್ಟೈತಿ ನೋಡೋ. ಒಣಗೈತಿ ಪಾಪ. ಎಣ್ಣಿ ಕುಡಸಾಕತ್ತೇನಿ."

"ಅದೇನ್ ತೊಗಲೇನು?"

"ತೊಗಲಿನಂಗ ಬಾಗತೈತಿ, ತೊಗಲಿನಂಗ ಬಿರಕ ಬಿಡತೈತಿ. ಮತ್ತ ತೊಗಲ ಅಲ್ದ ಏನ?"

ಬಿರುಕುಗಳು ಎಣ್ಣೆಯಲ್ಲಿ ಮುಚ್ಚಿಹೋದವು. ಬೂದಿಬಣ್ಣಕ್ಕೆ ತಿರುಗಿದ್ದ ಟೈರು ಕರ್ರಗೆ ಹೊಳೆಯಿತು. ಸಾವಕಾರರು ಕಟ್ಟೆಯ ಮೇಲಿಂದಲೇ "ವ್ಹಾ ರಾಜೇಸಾಬ!" ಎಂದರು. ಅಂದಿನಿಂದ ಅಮಾಸಿಗೊಮ್ಮೆ ಮೊದಲು ಮೋಟಕ್ಕೆ ಎಣ್ಣೆ, ಆಮೇಲೆ ಮೋಟಾರಿಗೆ. ಎಣ್ಣೆಯ ಬಗ್ಗೆ ನನಗೂ ಆಗ ಏನೂ ತಿಳಿದಿರಲಿಲ್ಲ, ಮೇಸ್ತ್ರಿ ಹೇಳಿರಲೂ ಇಲ್ಲ. ಟೈರಿಗೆ ಎಣ್ಣೆ ಹಚ್ಚುವ ಮನುಷ್ಯ ಹುಟ್ಟಿಯಾನು ಎಂದು ಅವನಿಗೆ ಹೊಳೆಯುವುದಾದರೂ ಹೇಗೆ!

ಆಗ ಸುತ್ತಲಿನ ಹಳ್ಳಿಗಳಲ್ಲಿ ಮದುಮಗನನ್ನು ಸಾವಕಾರರ ಮೋಟಾರಿನಲ್ಲಿ ಮೆರೆಸುವುದೆಂದರೆ ದೊಡ್ಡ ಮಾತು. ಯಳವಿಯ ಒಂದು ಮದುವೆಗೆ ಹೋದಾಗ, ಊರ ಮಕ್ಕಳೆಲ್ಲ ಬಂದು ಹೊಳೆಯುವ ಟೈರು ಸವರಿ, ಅದೇ ಕೈಯಿಂದ ಮದುಮಗನ ಶಲ್ಯ ಹಿಡಿದು ಜೋತುಬಿದ್ದವು. ಬಿಳಿಯ ಶಲ್ಯದ ತುಂಬ ಕರಿಯ ಅಂಗೈಗಳು! ಮದುಮಗನ ಸೋದರಮಾವ ನನ್ನ ಮೇಲೆ ಕೈಯೆತ್ತಲು ಬಂದ. ಆ ಗದ್ದಲದಲ್ಲಿ ಚಕ್ರ ಒರೆಸಲು ಬಗ್ಗಿದಾಗ ನನ್ನ ಕೈಗೆ ಏನೋ ಹತ್ತಿತು. ಮುಂದಿನ ಎಡ ಟೈರಿನ ಪಕ್ಕದ ಗೋಡೆಯಲ್ಲಿ ಬೋರೆಹಣ್ಣಿನಷ್ಟು ದಪ್ಪ ಗಂಟು. ಒತ್ತಿದರೆ ಮೆತ್ತಗಿತ್ತು. ನನಗೆ ಅದು ಸರಿ ಕಾಣಲಿಲ್ಲ. ಬಿಳೂರಿಗೆ ಬಂದು ಅಪ್ಪನಿಗೆ ತೋರಿಸಿದೆ.

ಅಪ್ಪ ಅದನ್ನು ಸವರಿ ಹಿರಿಹಿರಿ ಹಿಗ್ಗಿದ. "ಎಣ್ಣಿ ಕುಡದು ಮೈ ಹಿಡದೈತಿ ನೋಡೋ!"

ಏನು ಹೇಳಲಿ! ಒಳಗಿನ ನೂಲು ಹರಿದು, ಎಣ್ಣೆಗೆ ರಬ್ಬರು ಉಬ್ಬಿ, ಟ್ಯೂಬು ಹೊರಗೆ ಬರಲು ಜಾಗ ಹುಡುಕುತ್ತಿತ್ತು. ಅದನ್ನು ನೋಡಿ ಊರೆಲ್ಲ ಟೈರು ಮೈ ಹಿಡಿದಿದೆ ಎಂದು ಸಂತೋಷಪಟ್ಟಿತು.

ಮರುದಿನ ಜತ್ತಕ್ಕೆ ಹೋಗಿ ಮೇಸ್ತ್ರಿಗೆ ಗಂಟಿನ ವಿಷಯ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಇನ್ನೊಂದು ನಡೆಯಿತು. ಗಾಡಿಯ ಹಿಂದೆ ಒಂದು ಸ್ಟೆಪ್ನಿ ಟೈರು ಕಟ್ಟಿರುತ್ತಿತ್ತು, ಅದರ ಮೇಲೆ ಕ್ಯಾನ್ವಾಸಿನ ಮುಸುಕು. ಮುಸುಕು ಇದ್ದುದರಿಂದ ಅಪ್ಪ ಅದಕ್ಕೆ ಎಣ್ಣೆ ಹಚ್ಚಿರಲಿಲ್ಲ. ನಾನು ಜತ್ತಕ್ಕೆ ಹೊರಡುವ ಮುಂಚೆ ಅದಕ್ಕೂ ಗಾಳಿ ತುಂಬಿ, ಬಿಸಿಲಲ್ಲಿ ಗೋಡೆಗೆ ಆನಿಸಿ ಇಟ್ಟು, ನೀರು ಕುಡಿಯಲು ಒಳಗೆ ಹೋದೆ. ಢಮ್! ಕೋಳಿಗಳು ಮಾಳಿಗೆ ಏರಿದವು. ಎತ್ತುಗಳು ಹಗ್ಗ ಹರಿದುಕೊಂಡವು. ಯಾರೋ "ದರೋಡೆಕೋರರು ಬಂದ್ರೋ!" ಎಂದು ಚೀರಿದರು. ಹೊರಗೆ ಬಂದು ನೋಡಿದರೆ ಸ್ಟೆಪ್ನಿ ಇದ್ದಲ್ಲಿ ಗೋಡೆಯ ಮಣ್ಣು ಕಿತ್ತು ಬಿದ್ದಿತ್ತು, ಒಂದು ತುಂಡು ರಬ್ಬರು ಶೆಡ್ಡಿನ ತಗಡನ್ನು ಸೀಳಿ ಆಚೆ ಹೋಗಿತ್ತು. ಯಾರೂ ಮುಟ್ಟಿರಲಿಲ್ಲ, ಯಾರೂ ಓಡಿಸಿರಲಿಲ್ಲ. ನಿಂತಲ್ಲಿ ನಿಂತು ಒಡೆದಿತ್ತು! ನೀರು ಕುಡಿಯಲು ಒಳಗೆ ಹೋಗದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಈಗ ಕೇಳಿರಿ, ಇಡೀ ಊರು ಇದರಿಂದ ಏನು ಪಾಠ ಕಲಿಯಿತು ಎಂದು. ಎಣ್ಣೆ ಹಚ್ಚದ ಟೈರು ಒಡೆಯಿತು. ಎಣ್ಣೆ ಹಚ್ಚಿದ ನಾಲ್ಕೂ ಗಟ್ಟಿಯಾಗಿ ನಿಂತಿವೆ. ಅಂದರೆ ಎಣ್ಣೆಯೇ ಕಾಪಾಡಿತು! ಅಪ್ಪನ ಬೆನ್ನು ತಟ್ಟದವರಿಲ್ಲ. ಅಮಾಸಿ ಬರುವವರೆಗೂ ಅವನು ಕಾಯಲಿಲ್ಲ, ಅಂದೇ ಸಂಜೆ ಇನ್ನೊಂದು ಕೈ ಎಣ್ಣೆ ತಿಕ್ಕಿದ.

ನಾನು ಒಡೆದ ಸ್ಟೆಪ್ನಿಯನ್ನು ಗಾಡಿಯಲ್ಲೇ ಹಾಕಿಕೊಂಡು ಜತ್ತಕ್ಕೆ ಒಯ್ದೆ. ಸಾವಕಾರರೂ ಜತೆಗೆ ಬಂದರು. ಮೇಸ್ತ್ರಿ ಅದನ್ನು ಚಾಕುವಿನಿಂದ ಸೀಳಿ ಒಳಗಿನ ನೂಲಿನ ಪದರ ಎಳೆದ. ಹಳೆಯ ಕೌದಿಯ ಅರಿವೆ ಹರಿದ ಹಾಗೆ ಅದು ಬೆರಳಲ್ಲೇ ಹರಿಯಿತು. ಮೇಲಿನ ಗ್ರಿಪ್ಪು ಮಾತ್ರ ಹೊಸದರಂತೆಯೇ ಇತ್ತು. ಆಮೇಲೆ ಅವನು ಗಾಡಿಯ ನಾಲ್ಕು ಚಕ್ರ ನೋಡಿ, ಮೂಸಿ, ನನ್ನ ಕಡೆ ತಿರುಗಿದ.

"ಇದಕ್ಕ ಎಣ್ಣಿ ಹಚ್ಚಿದವ ಯಾಂವಲೇ?"

ನಾನು ಹೇಳಿದೆ. ಮೇಸ್ತ್ರಿ ಪಾನಾ ಎಸೆಯಲಿಲ್ಲ, ಬೈಯಲೂ ಇಲ್ಲ. ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟ. ಅದನ್ನು ನೋಡಿಯೇ ನನಗೆ ಹೆದರಿಕೆಯಾಯಿತು.

"ಸಾವಕಾರ್ರ, ಟೈರಿಗಿ ವಯಸ್ಸ ಆಗೈತ್ರಿ, ಅದ ಮೊದಲನೇ ಮಾತ. ಓಡಲಿ ಬಿಡಲಿ, ಅದು ಮುಪ್ಪ ಆಗತೈತಿ. ಎಣ್ಣಿ ಬಿದ್ದದ್ದು ಎರಡನೇ ಮಾತ. ಎಣ್ಣಿ ರಬ್ಬರ್ ತಿಂತೈತ್ರಿ. ಇನ್ನ ಇದರ ಮ್ಯಾಲ ಮನಷ್ಯಾರನ್ನ ಕುಂದ್ರಸಬ್ಯಾಡ್ರಿ."

ಸಾವಕಾರರು ಹಟ ಮಾಡಲಿಲ್ಲ. ಒಡೆದ ಸ್ಟೆಪ್ನಿ ನೋಡಿ ಅವರ ಮುಖವೂ ಇಳಿದಿತ್ತು. ಅವತ್ತೇ ಕೊಲ್ಲಾಪುರದ ಅಂಗಡಿಗೆ ಹೊಸ ಟೈರು ಬೇಕೆಂದು ಹೇಳಿ ಕಳಿಸಿದರು. ಆ ಅಳತೆಯದು ಇಲ್ಲ, ಮುಂಬೈಯಿಂದ ತರಿಸಬೇಕು, ಕಾಯಿರಿ ಎಂದು ಅಲ್ಲಿಂದ ಜವಾಬು ಬಂತು. ಕಾಯಲು ಒಪ್ಪಿಕೊಂಡೆವು. ನಾನೊಬ್ಬನೇ ಖಾಲಿ ಗಾಡಿಯನ್ನು ಮೆಲ್ಲಗೆ ಬಿಳೂರಿಗೆ ತಂದು ಶೆಡ್ಡಿಗೆ ಸೇರಿಸಿದೆ.

ಮನೆಗೆ ಬಂದು ನಾನು ಅಪ್ಪನಿಗೆ ಎಣ್ಣೆ ಬೇಡವೆಂದೆ. ಅವನು ನನ್ನನ್ನು ಮೇಲೆ ಕೆಳಗೆ ನೋಡಿದ.

"ನಿನ್ನ ಮೇಸ್ತ್ರಿ ಎಂದಾರ ಮೋಟ ಹೊಡದಾನೇನು? ಒಣಾ ಟೈರ್ ಒಡದದ್ದು ನಿನ್ನ ಕಣ್ಣಿಲೆ ನೋಡೀದಿ. ಎಣ್ಣಿ ಕುಡದಾವು ನಿಂತಾವು. ಇನ್ನೇನ್ ಬೇಕ ನಿನಗ?"

ಕಣ್ಣಿಗೆ ಕಂಡದ್ದು ಅವನ ಕಡೆಗೇ ಸಾಕ್ಷಿ ಹೇಳುತ್ತಿತ್ತು.

ಚೊಚ್ಚಲ ಬಾಣಂತನಕ್ಕೆ ಶಾಂತವ್ವ ಅಸಂಗಿಯಿಂದ ತವರಿಗೆ ಬಂದಿದ್ದಳು. ಬಿರುಬಿಸಿಲಿನ ದಿನಗಳು, ಮುಂಬೈಯ ಟೈರು ಇನ್ನೂ ಬಂದಿರಲಿಲ್ಲ. ಒಂದು ಮುಂಜಾನೆ ಹೆರಿಗೆಯ ಬ್ಯಾನಿ ಶುರುವಾದವು. ಹೊತ್ತು ನೆತ್ತಿಗೆ ಬಂದರೂ ಹೆರಿಗೆಯಾಗಲಿಲ್ಲ. ಸೂಲಗಿತ್ತಿ ಗಂಗವ್ವ ಹೊರಗೆ ಬಂದು, "ಕೂಸು ಅಡ್ಡ ಆಗೈತ್ರಿ. ನನ್ನ ಕೈಯಾಗಿಂದಲ್ಲ. ಜತ್ತಕ್ಕ ಡಾಕ್ಟರ ಕಡೆ ಲಗೂನ ಒಯ್ರಿ," ಎಂದಳು.

ಸಾವಕಾರರು ನನ್ನತ್ತ ನೋಡಿದರು. ಅವರು ಬಾಯಿ ಬಿಡುವ ಮೊದಲೇ ನಾನು ಹೇಳಿದೆ:

"ಬಂಡಿ ಹೂಡೂಣ್ರಿ. ಮೋಟಾರ ಬ್ಯಾಡ್ರಿ."

"ಬಂಡಿ ಜತ್ತ ಮುಟ್ಟೂತನಾ ನನ್ನ ಮಗಳು ಇರ್ತಾಳೇನೋ ಇಮಾಮ?"

ಅಪ್ಪ ಮುಂದೆ ಬಂದ. ಅವನ ಕಣ್ಣಲ್ಲಿ ನೀರು.

"ಬಂಡ್ಯಾಗ ನನ್ನ ಶಾಂತವ್ವ ಧಡಕ್ಕಿಗೆ ಸಾಯತಾಳೋ. ಮೋಟಾರ ತಗೀ. ನಾ ಎಣ್ಣಿ ಹಚ್ಚೇನಿ, ಏನೂ ಆಗೂದಿಲ್ಲ. ಹಾಸಿಗಿ-ಪಾಸಿಗಿ ಹೇರ್ಕೊಂಡು ನಾ ಬಂಡಿ ಹೊಡಕೊಂಡು ಹಿಂದನ ಬರ್ತೇನಿ."

ಹಿಂದಿನ ಸೀಟಿನಲ್ಲಿ ಶಾಂತವ್ವನನ್ನು ಗಂಗವ್ವನ ತೊಡೆಯ ಮೇಲೆ ಮಲಗಿಸಿದೆವು. ಸಾವಕಾರರು ನನ್ನ ಪಕ್ಕದಲ್ಲಿ. ನಾನು ಎತ್ತಿನ ಓಟಕ್ಕಿಂತ ತುಸು ಹೆಚ್ಚು ಅಷ್ಟೇ, ಹಾಗೆ ಹೊಡೆದೆ. ರಸ್ತೆಯ ಮಣ್ಣು ಹೆಂಚಿನಂತೆ ಕಾದಿತ್ತು. ಸಾವಕಾರರು ಒಂದೇ ಸಮ, "ಲಗೂನ ಹೊಡಿ, ಲಗೂನ ಹೊಡಿ," ಎನ್ನುತ್ತಿದ್ದರು. ನಾನು ಜೋರು ಮಾಡಲಿಲ್ಲ. ಆದರೂ ಬಂಡಿ ಹಿಂದೆ ಉಳಿಯಿತು, ಅದರ ಗೆಜ್ಜೆಯ ಸದ್ದು ನಿಂತಿತು.

ಹಳ್ಳಕ್ಕೆ ಇಳಿಯುವ ಇಳಿಜಾರು. ಮೊದಲು ಮುಂದಿನ ಎಡಗಡೆಯಿಂದ ಲಪ್ ಲಪ್ ಎಂದು ಸದ್ದು, ಯಾರೋ ಒದ್ದೆ ಅರಿವೆಯಿಂದ ಮಡ್‌ಗಾರ್ಡಿಗೆ ಬಡಿದಂತೆ. ಗ್ರಿಪ್ಪಿನ ಪಟ್ಟಿ ಪೂರ್ತಿ ಟೈರಿನಿಂದ ಎದ್ದು ಬಿಚ್ಚಿಕೊಳ್ಳುತ್ತಿತ್ತು. ಬ್ರೇಕಿನ ಮೇಲೆ ಕಾಲಿಡುವ ಮೊದಲೇ ಢಮ್ ಎಂದಿತು. ಸ್ಟೇರಿಂಗು ನನ್ನ ಕೈ ತಿರುಚಿ ಕಿತ್ತುಕೊಂಡಿತು. ಗಾಡಿ ರಸ್ತೆಯ ದಂಡೆ ಇಳಿದು ಹಳ್ಳದೊಳಗೆ ಮಗ್ಗುಲಾಗಿ ಬಿತ್ತು. ಯಾ ಅಲ್ಲಾ, ಎಷ್ಟು ಸಾವಕಾಶ ಹೋಗುತ್ತಿದ್ದೆವು! ನಡೆಯುವವನು ಎಡವಿ ಬಿದ್ದ ಹಾಗೆ ಬಿದ್ದೆವು. ಜೋರು ಹೊಡೆದರೆ ಮಾತ್ರ ಒಡೆಯುತ್ತದೆ ಎಂದು ತಿಳಿದವರು ಇದನ್ನು ಎರಡು ಸಲ ಓದಿರಿ.

ನಾನು ಹೊರಗೆ ತೆವಳಿ ಬಂದಾಗ ಸಾವಕಾರರ ಹಣೆಯಿಂದ ರಕ್ತ ಸುರಿಯುತ್ತಿತ್ತು. ಗಂಗವ್ವ ಮರಳಿನಲ್ಲಿ ಕೂತು ಬಾಯಿ ಬಡಿದುಕೊಳ್ಳುತ್ತಿದ್ದಳು. ಶಾಂತವ್ವನ ಕಾಲು ಗಾಡಿಯ ಕೆಳಗೆ ಸಿಕ್ಕಿತ್ತು. ನಾವಿಬ್ಬರೂ ಹೆಗಲು ಕೊಟ್ಟು ಗಾಡಿ ಎತ್ತಿದೆವು, ಗಂಗವ್ವ ಅವಳನ್ನು ಎಳೆದಳು. ಅವಳು ಅಳಲಿಲ್ಲ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, "ಇಮಾಮಣ್ಣಾ, ಮಿಸಗಾಡವಲ್ದೋ," ಎಂದಳು. ಕೂಸು ಅಲುಗಾಡುತ್ತಿಲ್ಲ ಎಂದು ಅವಳು ನನಗೆ ಹೇಳಿದ್ದು ಅದೊಂದೇ ಮಾತು. ನನ್ನ ಕಿವಿಯಲ್ಲಿ ಅದು ಇವತ್ತಿಗೂ ಇದೆ.

ಆ ಬಿಸಿಲಲ್ಲಿ ಬರುವವರಿಲ್ಲ, ಹೋಗುವವರಿಲ್ಲ. ಕಡೆಗೆ ಗೆಜ್ಜೆಯ ಸದ್ದು ಕೇಳಿತು. ಅಪ್ಪನ ಬಂಡಿ! ಬೇಡವೆಂದು ಬಿಟ್ಟಿದ್ದ ಬಂಡಿಯಲ್ಲೇ ಹಾಸಿಗೆ ಹಾಸಿ ಅವಳನ್ನು ಮಲಗಿಸಿ, ಎತ್ತುಗಳ ಬಾಲ ತಿರುವಿ ತಿರುವಿ ಅಪ್ಪ ಜತ್ತ ಮುಟ್ಟಿಸಿದ. ದಾರಿಯುದ್ದಕ್ಕೂ ಅವನು ಎತ್ತುಗಳ ಜತೆ ಮಾತಾಡುತ್ತಲೇ ಇದ್ದ. ಡಾಕ್ಟರು ಶಾಂತವ್ವನನ್ನು ಉಳಿಸಿದರು. ಕೂಸು ಉಳಿಯಲಿಲ್ಲ. ಗಂಡುಕೂಸು.

ಧೋಂಡಿಬಾ ಮೇಸ್ತ್ರಿ ದವಾಖಾನೆಗೆ ಬಂದ. ಒಡೆದ ಟೈರು ನೋಡಿ ಬಂದಿದ್ದ. "ವಯಸ್ಸ ಆಗಿತ್ತ ಇಮಾಮ. ಎಣ್ಣಿ ಇರಲಿಲ್ಲಂದ್ರ ಈ ವರ್ಷ ಅಲ್ಲ, ಬರೂ ವರ್ಷ ಒಡೀತಿತ್ತ," ಎಂದ. ಸಾವಕಾರರು ಅದನ್ನು ಕೇಳಿದರು. ಒಳಗೆ ಮಂಚದ ಮೇಲಿದ್ದ ಶಾಂತವ್ವನೂ ಕೇಳಿದಳು. ಅಪ್ಪ ಹೊರಗೆ ಎತ್ತಿಗೆ ನೀರು ಕುಡಿಸುತ್ತಿದ್ದ.

ಕೆಲವು ದಿನ ಕಳೆದ ಮೇಲೆ ಅವಳನ್ನು ಬಿಳೂರಿಗೆ ಕರೆತಂದೆವು. ಮುರಿದ ಕಾಲಿಗೆ ಕಟ್ಟು ಹಾಕಿತ್ತು. ಗಾಡಿಯನ್ನು ಎತ್ತು ಹೂಡಿ ಎಳೆಸಿ ಅಂಗಳದಲ್ಲಿ ನಿಲ್ಲಿಸಿದ್ದರು. ಅವತ್ತು ಅಮಾಸಿ. ಸಾವಕಾರರು ಕಟ್ಟೆಯ ಮೇಲಿದ್ದರು, ಶಾಂತವ್ವ ಹೊಸ್ತಿಲ ಬಳಿ ಕಾಲು ಚಾಚಿ ಕೂತಿದ್ದಳು, ನಾನು ಎತ್ತಿಗೆ ಮೇವು ಹಾಕುತ್ತಿದ್ದೆ. ಅಪ್ಪ ಬೋಗುಣಿ ಹಿಡಿದು ಬಂದ. ಮೋಟದ ಹತ್ತಿರ ಹೋಗಲಿಲ್ಲ. ನೇರವಾಗಿ ಗಾಡಿಯ ಬಳಿ ಹೋಗಿ, ಉಳಿದ ಮೂರು ಟೈರುಗಳಲ್ಲಿ ಒಂದರ ಮುಂದೆ ಕುಕ್ಕರಗಾಲಲ್ಲಿ ಕೂತು ಎಣ್ಣೆಯಲ್ಲಿ ಕೈ ಅದ್ದಿದ.

ಇನ್ನೂ? ಇಷ್ಟಾದ ಮೇಲೂ? "ನೀನ ಕೊಂದಿ" ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಆ ಕಡೆ ಸಾವಕಾರರು ಎದ್ದು ನಿಂತಿದ್ದರು. ಅವರ ಬಾಯಲ್ಲೂ ಅದೇ ಮಾತಿತ್ತು, ನನಗೆ ಗೊತ್ತು.

ನಮ್ಮಿಬ್ಬರಿಗಿಂತ ಮೊದಲು ಶಾಂತವ್ವ ಕೂಗಿದಳು.

"ರಾಜೇಸಾಬ ಕಾಕಾ! ಆ ಎಣ್ಣಿ ಇಲ್ಲಿ ತಗೊಂಡ ಬರ್ರಿ."

ಅಪ್ಪ ತಿರುಗಿ ನೋಡಿದ.

"ನನ್ನ ಕಾಲು ಭಾಳ ಬಿಗದಾವ್ರಿ. ಇದಕ್ಕ ಹಚ್ರಿ. ದಿನಾ ಹಚ್ರಿ. ಟೈರಿಗಿ ಸಾಕಿನ್ನ."

ಅಪ್ಪ ಬೋಗುಣಿ ಎತ್ತಿಕೊಂಡು ಹೋಗಿ ಅವಳ ಕಾಲ ಬಳಿ ಕೂತ. ಕಟ್ಟು ಹಾಕಿರದ ಪಾದಕ್ಕೆ, ಬೆರಳುಗಳಿಗೆ, ಮೆಲ್ಲಗೆ ಎಣ್ಣೆ ತಿಕ್ಕತೊಡಗಿದ. ಶಾಂತವ್ವ ಅವನ ತಲೆಯ ಮೇಲಿಂದ ನಮ್ಮಿಬ್ಬರನ್ನೂ ನೋಡಿದಳು. ಕೂಸು ಕಳೆದುಕೊಂಡವಳು ಅವಳು. ಅವಳೇ ಹೇಳದ ಮಾತನ್ನು ನಾವು ಹೇಗೆ ಹೇಳುವುದು? ಸಾವಕಾರರು ಮತ್ತೆ ಕಟ್ಟೆಯ ಮೇಲೆ ಕೂತು ಮುಖಕ್ಕೆ ಶಲ್ಯ ಹಿಡಿದು ಅತ್ತರು.

ಆ ಮೂರು ಟೈರುಗಳನ್ನು ನಾನು ಗರಗಸದಿಂದ ಕೊಯ್ದೆ. ಚಪ್ಪಲಿಗೆ ಕೊಡಿರೆಂದು ಒಬ್ಬಿಬ್ಬರು ಬಂದರು, ಕೊಡಲಿಲ್ಲ, ಸುಟ್ಟೆವು. ಮುಂದೆ ಬಾವಿಗಳಿಗೆ ಎಂಜಿನ್ನು ಬಂದು ಮೋಟವೂ ಹೋಯಿತು. ಅಪ್ಪ ಮಾತ್ರ ಶಾಂತವ್ವ ತವರಿಗೆ ಬಂದಾಗಲೆಲ್ಲ ಬೋಗುಣಿ ಹಿಡಿದು ಹೋಗುತ್ತಿದ್ದ. ಆಕೆ ಕುಂಟುತ್ತ ಬಂದು ಕಾಲು ಚಾಚಿ ಕೂಡ್ರುತ್ತಿದ್ದಳು. ನೋವು ಇದ್ದರೂ ಇಲ್ಲದಿದ್ದರೂ.

ಈಗಿನ ಟೈರುಗಳ ಮೇಲೆ ಅದು ಹುಟ್ಟಿದ ವಾರ, ವರ್ಷ ಅಚ್ಚು ಹಾಕಿರುತ್ತಾರೆ. ತರುಣರೇ, ಗ್ರಿಪ್ಪು ನೋಡುವ ಮೊದಲು ಅದನ್ನು ನೋಡಿರಿ. ಅಚ್ಚು ಇಲ್ಲದಷ್ಟು ಹಳೆಯದಾದರೆ ನೋಡುವುದೇ ಬೇಡ, ಬಿಚ್ಚಿರಿ. ಸ್ಟೆಪ್ನಿಯನ್ನು ಮರೆಯಬೇಡಿರಿ. ಗಾಡಿ ನಿಂತೇ ಇರುತ್ತದೆ, ಓಡುವುದೇ ಇಲ್ಲ ಎನ್ನಬೇಡಿರಿ, ನಿಂತದ್ದೂ ಮುದಿಯಾಗುತ್ತದೆ. ಗಾಡಿ ಎಷ್ಟು ಹಳೆಯದಾದರೂ ಇರಲಿ, ಅದರ ಕಾಲು ಹೊಸದಿರಲಿ. ಕೊಲ್ಲಾಪುರದ ಆ ತರುಣನ ಕಾರು ನಮ್ಮ ಅಂಗಳದಲ್ಲಿ ಜಾಕಿನ ಮೇಲಿದೆ. ಹೆಂಡತಿ ಮಕ್ಕಳು ಬಸ್ಸಿನಲ್ಲಿ ಹೋದರು. ಅವನು ನನ್ನ ಮೇಲೆ ಸಿಟ್ಟು ಮಾಡಿಕೊಂಡೇ ಹೋದ, ಹೋಗಲಿ.

ಅಪ್ಪ ಹಾಸಿಗೆ ಹಿಡಿದಾಗ ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದ. ದನಿ ಸಣ್ಣಗಾಗಿತ್ತು.

"ಇಮಾಮ, ನಿನ್ನ ಮೇಸ್ತ್ರಿ ಎಣ್ಣಿ ಬ್ಯಾಡ ಅಂದಿದ್ದ ಅಲ್ಲೇನೋ?"

ಇಷ್ಟು ವರ್ಷ ಇದನ್ನು ಎದೆಯಲ್ಲಿ ಇಟ್ಟುಕೊಂಡೇ ಇದ್ದನೇ ಈ ಮುದುಕ? ಶಾಂತವ್ವ ಯಾಕೆ ಕರೆದಳೆಂದು ಅಂದೇ ತಿಳಿದುಕೊಂಡಿದ್ದನೇ?

"ಅಂದಿದ್ದ," ಎಂದೆ.

"ಅವತ್ತ ಟೈರ್ ಯಾಕ ಒಡೀತೋ?"

"ಹಳೇದಾಗಿತ್ತ ಯಪ್ಪಾ."

ಅವನು ನನ್ನ ಮುಖ ನೋಡಿದ. ಆಮೇಲೆ ಹೊದಿಕೆಯ ಹೊರಗೆ ಬಲಗೈ ತೆಗೆದು, ಅಂಗೈ ಮೇಲೆ ಮಾಡಿ, ಅದನ್ನೇ ನೋಡುತ್ತ ಮಲಗಿದ.

"ಶಾಂತವ್ವ ಬಂದ್ರ ಹೇಳು," ಎಂದ. "ಎಣ್ಣಿ ಬೋಗುಣಿ ಗ್ವಾಡಿ ಮಾಡದಾಗ ಐತಿ."